ಚಳಿದೇಶದ ಗಾಳಿಯಂತ್ರವನ್ನು ಕರಾವಳಿಯ ಮನೆಗೆ ಹಾಕಿಸುವ ಮೊದಲು

ಕಾಸರಗೋಡು, ಮಂಜೇಶ್ವರ ಕಡೆ ಯಾರಾದರೂ ಮನೆಗೆ ‘ಹೀಟ್ ರಿಕವರಿ ವೆಂಟಿಲೇಟರ್’, ಅಂದರೆ ಕಿಟಿಕಿ ಮುಚ್ಚಿದ ಮನೆಯ ಗಾಳಿ ಬದಲಾಯಿಸುವ ಎಚ್‌ಆರ್‌ವಿ ಯಂತ್ರ ಹಾಕಿಸುವ ಯೋಚನೆಯಲ್ಲಿದ್ದರೆ ಮುಂಗಡ ಕೊಡುವ ಮೊದಲು ಇದನ್ನು ಓದಿ. ಅಮ್ಮನ ಉಬ್ಬಸ ಕಡಿಮೆಯಾಗಲಿ ಎಂದು ನಾವು ಅದನ್ನು ಹಾಕಿಸಿದೆವು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಉಬ್ಬಸ ಹೆಚ್ಚಾಗಿತ್ತು.

ನಮ್ಮ ಮನೆ ಕುಂಬಳೆಯ ಹತ್ತಿರ, ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ. ರಸ್ತೆ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಕೆಂಪು ಧೂಳು ಕಿಟಿಕಿಯ ಸಂದಿಯಿಂದ ನುಗ್ಗಿ ಅನ್ನದ ಪಾತ್ರೆಯ ಮುಚ್ಚಳದ ಮೇಲೂ ಕೂರುತ್ತಿತ್ತು. ಹಳೆಯ ಮರದ ಕಿಟಿಕಿಗಳನ್ನು ತೆಗೆಸಿ, ಬಿಗಿಯಾಗಿ ಮುಚ್ಚುವ ಯುಪಿವಿಸಿ ಕಿಟಿಕಿ ಇರಿಸಿದೆವು. ಧೂಳು ನಿಂತಿತು, ಗಾಳಿಯೂ ನಿಂತಿತು. ಆಗ ಜರ್ಮನಿಯಲ್ಲಿರುವ ತಮ್ಮ, “ಅಕ್ಕಾ, ಇಲ್ಲಿ ನಮ್ಮ ಮನೆಯಲ್ಲಿ ಇಂಥದ್ದೊಂದು ಉಂಟು. ಕಿಟಿಕಿ ತೆರೆಯದೆಯೇ ಗಾಳಿ ಬದಲಾಗ್ತದೆ” ಎಂದ. ಅವನು ಹೇಳಿದ್ದು ಸುಳ್ಳಲ್ಲ. ಅವನ ಊರಿಗೆ ಅದು ಸರಿಯಾದ ಯಂತ್ರವೇ.

ಒಳಗಿನ ಹಳೆಯ ಗಾಳಿ ಹೊರಗೆ ಹೋಗುವಾಗ, ಹೊರಗಿನ ಹೊಸ ಗಾಳಿ ಒಳಗೆ ಬರುವಾಗ ಎರಡೂ ತೆಳು ಹಾಳೆಗಳ ಒಂದು ಪೆಟ್ಟಿಗೆಯ ಮೂಲಕ ಹಾದುಹೋಗುತ್ತವೆ. ಅದಕ್ಕೆ ಕೋರ್ ಅನ್ನುತ್ತಾರೆ. ಗಾಳಿಗಳು ಬೆರೆಯುವುದಿಲ್ಲ, ಬಿಸಿ ಮಾತ್ರ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಸೊನ್ನೆ ಡಿಗ್ರಿ ಚಳಿಯಲ್ಲಿ ಒಂದು ಘನ ಮೀಟರ್ ಗಾಳಿ 5 ಗ್ರಾಂ ನೀರಾವಿಯನ್ನೂ ಹಿಡಿಯಲಾರದು. ಅಂಥ ಗಾಳಿ ಒಳಗೆ ಬಂದರೆ ಮನೆ ಒಣಗುತ್ತದೆ. ನಮ್ಮ ಆಟಿ ತಿಂಗಳ, ಅಂದರೆ ಜೋರು ಮಳೆಗಾಲದ ಗಾಳಿ ಹಾಗಲ್ಲವಲ್ಲ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವಳು. ಈ ಲೆಕ್ಕವನ್ನು ದುಡ್ಡು ಕೊಡುವ ಮೊದಲು ಹಾಕಬೇಕಿತ್ತು, ಹಾಕಿದ್ದು ಆಮೇಲೆ. ಹೊರಗೆ 29 ಡಿಗ್ರಿ, ಆರ್ದ್ರತೆ ಶೇಕಡ 85 ಎಂದಿಟ್ಟುಕೊಳ್ಳಿ. ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರಾವಿ. ಎಸಿ ಹಾಕಿ 24 ಡಿಗ್ರಿಯಲ್ಲಿ, ಶೇಕಡ 55ರಲ್ಲಿ ಇರಿಸಿದ ಕೋಣೆಯಲ್ಲಿ ಇರುವುದು 12 ಗ್ರಾಂ. ನಮ್ಮ ಯಂತ್ರ ಗಂಟೆಗೆ 100 ಘನ ಮೀಟರ್ ಗಾಳಿ ತರುತ್ತಿತ್ತು. ರಾತ್ರಿ ಹತ್ತು ಗಂಟೆ ಓಡಿದರೆ 12 ಲೀಟರ್ ನೀರನ್ನು ನಾವೇ ಕೈಯಾರೆ ಮನೆಯೊಳಗೆ ಹೊತ್ತು ತಂದಂತಾಯಿತು. ಯಂತ್ರ ಉಳಿಸಿಕೊಡುವ ತಂಪು ಹೆಚ್ಚೆಂದರೆ 125 ವ್ಯಾಟ್‌ನಷ್ಟು. ಅದು ತರುವ ನೀರಾವಿಯನ್ನು ಇಳಿಸಲು ಎಸಿ ಎಳೆಯಬೇಕಾದ ಭಾರ 800 ವ್ಯಾಟ್‌ಗೂ ಮೇಲೆ. ಒಂದು ಟನ್ ಎಸಿಯ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಇದಕ್ಕೇ ಹೋಯಿತು.

ಇನ್ನೊಂದು ತೊಂದರೆ ಕೋರ್‌ನ ಒಳಗೇ ಇತ್ತು. ಚಳಿದೇಶದಲ್ಲಿ ಹೊರಗೆ ಹೋಗುವ ಗಾಳಿ ತಣ್ಣಗಾಗುವುದರಿಂದ ನೀರು ಕಟ್ಟುವುದು ಆ ಬದಿಯಲ್ಲಿ. ಅದಕ್ಕೆ ಡ್ರೈನ್ ತೂತೂ ಆ ಬದಿಗೇ. ಇಲ್ಲಿ ತಣ್ಣಗಾಗುವುದು ಒಳಗೆ ಬರುವ ಗಾಳಿ. ಡ್ರೈನ್ ಇಲ್ಲದ ಬದಿಯಲ್ಲಿ ದಿನಾ ರಾತ್ರಿ ಲೀಟರಿನಷ್ಟು ನೀರು ಕಟ್ಟಿ, ಪೆಟ್ಟಿಗೆಯ ಮೂಲೆಯಿಂದ ಜಿಪ್ಸಮ್ ಸೀಲಿಂಗಿಗೆ ಇಳಿಯುತ್ತಿತ್ತು. ಜುಲೈಯಲ್ಲಿ ಅಮ್ಮನ ಮಂಚದ ಮೇಲ್ಗಡೆ ಹಳದಿ ಕಲೆ ಕಂಡಿತು. ತಾರಸಿ ಸೋರುತ್ತಿದೆ ಎಂದುಕೊಂಡು ಮೇಲೆ ಟಾರ್ಪಾಲು ಹೊದೆಸಿದೆವು. ಆಗಸ್ಟಿನಲ್ಲಿ ಸೀಲಿಂಗ್ ತುಂಡೊಂದು ಕಳಚಿಕೊಂಡಾಗ ಯಂತ್ರದಿಂದ ಕೋಣೆಗೆ ಗಾಳಿ ತರುವ ಪೈಪಿನ ಬಾಯಿ ನೋಡಿದೆ. ಒಳಗೆಲ್ಲ ಕಪ್ಪು ಬೂಷ್ಟು. ಅಮ್ಮ ರಾತ್ರಿಯಿಡೀ ಉಸಿರಾಡಿದ್ದು ಅದರ ಮೂಲಕ ಬಂದ ಗಾಳಿಯನ್ನು. ಆ ದಿನ ನನಗೆ ಊಟ ಸೇರಲಿಲ್ಲ.

ಫಿಲ್ಟರನ್ನು ಆರು ತಿಂಗಳಿಗೊಮ್ಮೆ ತೊಳೆದರೆ ಸಾಕು ಎಂದಿದ್ದರು ಯಂತ್ರ ಹಾಕಿದವರು. ನಮ್ಮದು ಮೂರು ವಾರದಲ್ಲಿ ಮುರಕಲ್ಲಿನ ಬಣ್ಣಕ್ಕೆ ತಿರುಗಿ ಕಟ್ಟಿಕೊಂಡಿತು. ಒಳಗೆ ಬರುವ ಗಾಳಿ ಕಡಿಮೆಯಾಗಿ ಹೊರಗೆ ತಳ್ಳುವ ಫ್ಯಾನು ಮಾತ್ರ ಎಳೆಯುತ್ತಿದ್ದರೆ ಮನೆ ಬೇರೆ ಎಲ್ಲಿಂದಲೋ ಗಾಳಿ ಹೀರುತ್ತದೆ. ಯಾರೂ ಬಳಸದ ಬಚ್ಚಲಿನ ನೆಲದ ಜಾಲರಿಯಡಿ ನಾತ ತಡೆಯಲು ನಿಲ್ಲುವ ನೀರು ಆರಿಹೋಗಿ ಅಲ್ಲಿಂದ ಕೊಳಚೆಗುಂಡಿಯ ನಾತ ಬರತೊಡಗಿದ್ದು ಹಾಗೆ. ಅಡುಗೆಮನೆಯಲ್ಲಿ ಹಳೆಗಾಳಿ ಎಳೆಯುವ ಬಾಯಿಯನ್ನು ಒಲೆಯ ನೇರ ಮೇಲೆ ಇರಿಸಿದ್ದರು. ತೆಂಗಿನೆಣ್ಣೆಯ ಹೊಗೆ ಕೋರ್‌ನಲ್ಲಿ ಅಂಟಾಗಿ ಕೂತಿತು. ಒಲೆಗೆ ಬೇರೆಯೇ ಚಿಮಣಿ ಇರಲೇಬೇಕು.

ಯಂತ್ರ ಹಾಕಿದವರಿಗೆ ಫೋನ್ ಮಾಡಿದಾಗ ಬಂದ ಉತ್ತರ: “ಟೀಚರ್, ಮಳೆಗಾಲದಲ್ಲಿ ಬೂಷ್ಟು ಎಲ್ಲರ ಮನೆಯಲ್ಲೂ ಇರ್ತದೆ.” ಎರಡು ಜಿಲ್ಲೆ ದಾಟಿ ಬರಬೇಕಾದ ಮೆಕ್ಯಾನಿಕ್ ಓಣಂ ಕಳೆದ ಮೇಲೆ ಬಂದ, ಫಿಲ್ಟರ್ ಕುಟ್ಟಿ ಧೂಳು ಉದುರಿಸಿ ಹೋದ.

ಹಾಕಿಸಲೇಬೇಕಾದವರು ನೀರಾವಿಯನ್ನೂ ದಾಟಿಸುವ ಕೋರ್ ಇರುವ ‘ಎನರ್ಜಿ ರಿಕವರಿ ವೆಂಟಿಲೇಟರ್’, ಅಂದರೆ ಇಆರ್‌ವಿ ಕೇಳಿ. ಬರುವ ಗಾಳಿಯ ತೇವದಲ್ಲಿ ಒಂದು ಪಾಲನ್ನು ಅದು ಹೊರಹೋಗುವ ಗಾಳಿಗೆ ಒಪ್ಪಿಸುತ್ತದೆ. ಎಲ್ಲವನ್ನೂ ಅಲ್ಲ, ಆದ್ದರಿಂದ ತೇವ ಇಳಿಸಲು ಎಸಿಯೋ ಡಿಹ್ಯುಮಿಡಿಫೈಯರೋ ಆಗಲೂ ಬೇಕು. ಡ್ರೈನ್ ಯಾವ ಬದಿಗೆ ಎಂದು ಪೆಟ್ಟಿಗೆ ತೆರೆಸಿಯೇ ನೋಡಿ. ತಂಪು ಗಾಳಿ ಹಾಯುವ ಪೈಪುಗಳಿಗೆ ಹೊದಿಕೆ ಸುತ್ತಿಸಿ, ಇಲ್ಲದಿದ್ದರೆ ಪೈಪೂ ಬೆವರುತ್ತದೆ. ಹೊಸ ಗಾಳಿ ಎಳೆಯುವ ಬಾಯಿ ಬಚ್ಚಲಿನ ಫ್ಯಾನಿನಿಂದ, ಹಂಡೆ ಒಲೆಯ ಹೊಗೆಯಿಂದ ಹತ್ತಡಿಯಾದರೂ ದೂರ ಇರಲಿ. ತೋಟದ ಮನೆಯವರು ಬೋರ್ಡೋ ಔಷಧಿ ಸಿಂಪಡಿಸುವ ದಿನ ಯಂತ್ರ ನಿಲ್ಲಿಸಿ. ಫಿಲ್ಟರಿಗೆ ಕೈ ಎಟುಕಬೇಕು. ನಮ್ಮದಕ್ಕೆ ಏಣಿ ಇಟ್ಟು ನಾಲ್ಕು ಸ್ಕ್ರೂ ಬಿಚ್ಚಬೇಕಿತ್ತು, ಅರುವತ್ತು ದಾಟಿದ ನನ್ನಿಂದ ಅದು ಆಗುತ್ತಿರಲಿಲ್ಲ.

ನಾವು ಈಗ ಪೈಪುಗಳನ್ನೆಲ್ಲ ಕಿತ್ತು ಹಾಕಿದ್ದೇವೆ. ರಸ್ತೆಗೆ ಬೆನ್ನು ಹಾಕಿದ, ತೋಟದ ಕಡೆಯ ಎರಡು ಕಿಟಿಕಿಗಳಿಗೆ ಸೊಳ್ಳೆಬಲೆ ಹಾಕಿಸಿ ಹಗಲು ತೆರೆದಿಡುತ್ತೇವೆ, ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಓಡುತ್ತದೆ. ಅಮ್ಮನ ಕೋಣೆಯಲ್ಲಿ ಆರ್ದ್ರತೆ ತೋರಿಸುವ ಸಣ್ಣ ಮೀಟರ್ ಇಟ್ಟಿದ್ದೇನೆ, 65 ದಾಟಿದರೆ ಕಿಟಿಕಿ ಮುಚ್ಚಿ ಎಸಿಯನ್ನು ಡ್ರೈ ಮೋಡಿಗೆ ಹಾಕುತ್ತೇನೆ. ಅಮ್ಮನಿಗೆ ರಾತ್ರಿ ಎದ್ದು ಕೂರುವುದು ಕಡಿಮೆಯಾಗಿದೆ.

ಈಗಾಗಲೇ ಹಾಕಿಸಿದವರಿಗೆ ಒಂದು ಮಾತು: ಇಆರ್‌ವಿಯ ಕಾಗದದ ಕೋರನ್ನು ಅಲ್ಯುಮಿನಿಯಂ ಕೋರಿನಂತೆ ನಳ್ಳಿಯ ಕೆಳಗೆ ಹಿಡಿಯಬೇಡಿ, ಹಾಳಾಗುತ್ತದೆ. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ತೊಳೆಯಬಹುದು ಎಂದು ಬರೆದಿದ್ದರೆ ಮಾತ್ರ ನೀರು ತಾಗಿಸಿ.