ಸೋಲಿಗೆ ಚೌಕಾಬಾರವೋ, ಚದುರಂಗವೋ?

ಗುರಿಯನ್ನು ಆಟವೆಂದುಕೊಳ್ಳಿ ಎನ್ನುವವರು ಯಾವ ಆಟವೆಂದು ಹೇಳುವುದಿಲ್ಲ. ಚೌಕಾಬಾರದಲ್ಲಿ ಕಾಯಿ ಹಣ್ಣಾಗಲು ಒಂದೇ ಮನೆ ಉಳಿದಿದ್ದಾಗ ಎದುರಾಳಿ ಕಡಿದರೂ ಅಳುವಂತಿಲ್ಲ. ಮೊದಲ ಮನೆಗೆ ಮರಳಿ ಮತ್ತೆ ಕವಡೆ ಹಾಕಬೇಕು. ಕೆಲಸದ ಸಂದರ್ಶನಗಳಿಗೆ ಈ ಮನೋಭಾವ ಸಾಕು. ಅಲ್ಲಿ ಗರ ಬೀಳುವುದು ಪೂರ್ತಿ ನಮ್ಮ ಕೈಯಲ್ಲಿಲ್ಲ.

ಚದುರಂಗದಲ್ಲಿ ಅದೃಷ್ಟವನ್ನು ಬೈಯಲು ದಾರಿಯಿಲ್ಲ. ಟೂರ್ನಿ ಆಟಗಾರರು ನಡೆಗಳನ್ನು ಬರೆದಿಟ್ಟು, ಸೋತ ಮೇಲೆ ಎಡವಿದ್ದೆಲ್ಲಿ ಎಂದು ಹುಡುಕುತ್ತಾರೆ. ಪರೀಕ್ಷೆಗೆ ಓದುವವರು ಇದನ್ನೇ ಆರಿಸಿಕೊಳ್ಳಲಿ. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತವಾಗುತ್ತದೆ. ಅಣಕು ಪರೀಕ್ಷೆ ಮುಗಿದೊಡನೆ ಓದದೆ ತಪ್ಪಿದ್ದನ್ನೂ ಊಹಿಸಿ ತಪ್ಪಿದ್ದನ್ನೂ ಬೇರೆ ಬೇರೆ ಬರೆದಿಡಿ. ನನ್ನ ಹಳೆಯ ನೋಟ್‌ಬುಕ್ಕಿನಲ್ಲಂತೂ ಎರಡನೆಯ ಪಟ್ಟಿಯೇ ಉದ್ದ.