ಏರಿಸೋದು ಸುಲಭ, ಇಳಿಸೋದೇ ಕಷ್ಟ: 1 ಲೀಟರ್ ಪ್ರೆಶರ್ ರಿಯಾಕ್ಟರ್ ಜೊತೆ 11 ತಿಂಗಳು

ಲ್ಯಾಬಿನಲ್ಲಿ ಪಾತ್ರೆ, ಪಂಪು, ಗ್ಯಾಸ್ಕೆಟ್ ನೋಡಿಕೊಳ್ಳುವವನು ನಾನು. ಸಂಶೋಧನೆ ಮಾಡುವವರು ಗ್ರಾಫ್ ನೋಡುತ್ತಾರೆ. ನಾನು ಮುಚ್ಚಳದ ಅಡಿಯಲ್ಲಿ ಅಂಟಿಕೊಂಡ ಕಂದು ಮೆತ್ತೆ ನೋಡುತ್ತೇನೆ. ಹಾಗಾಗಿ ಇದು ತೊಳೆಯುವವನು ಬರೆದ ವಿಮರ್ಶೆ ಅಂದುಕೊಳ್ಳಿ.

ನಮ್ಮದು 1 ಲೀಟರಿನ ಪ್ರೆಶರ್ ರಿಯಾಕ್ಟರ್, ಅಂದರೆ ಬಿಗಿಯಾಗಿ ಮುಚ್ಚಿ ಒತ್ತಡದಲ್ಲಿ ಬೇಯಿಸುವ ಪಾತ್ರೆ. 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್, 100 ಬಾರ್ (ಸುತ್ತಲಿನ ಗಾಳಿಯ ಒತ್ತಡದ ಸುಮಾರು ನೂರರಷ್ಟು) ತಡೆಯುತ್ತದೆ, ಮ್ಯಾಗ್ನೆಟ್ ಮೇಲೆ ತಿರುಗುವ ಸ್ಟಿರರ್, ಒಳಗೆ ಕೂಲಿಂಗ್ ಕಾಯಿಲ್, ಕೆಳಗೊಂದು ವಾಲ್ವ್. ಕಂಪನಿ ಹೆಸರು ಬೇಡ. ಬೈಗುಳವೂ ಇದೆ, ಸುಮ್ನೆ ಯಾಕೆ?

ನಾವು ಮಾಡುವ ಕೆಲಸ ಇಷ್ಟು. ಕಬ್ಬಿನ ಸಿಪ್ಪೆಯನ್ನು ಎಥನಾಲ್ ಮತ್ತು ನೀರಿನಲ್ಲಿ ಬೇಯಿಸಿ ಅದರೊಳಗಿನ ಲಿಗ್ನಿನ್ ತೆಗೆಯುವುದು, ಉಳಿದ ನಾರನ್ನು ಕಿಣ್ವಕ್ಕೆ ಕೊಟ್ಟು ಸಕ್ಕರೆ ಮಾಡುವುದು. ಲಿಗ್ನಿನ್ ಅಂದರೆ ಗಿಡದ ನಾರುಗಳನ್ನು ಒಂದಕ್ಕೊಂದು ಬಿಗಿದಿಡುವ ಅಂಟು. ಅದು ಇರುವ ತನಕ ಕಿಣ್ವ ಸೆಲ್ಯುಲೋಸಿನ, ಅಂದರೆ ಸಕ್ಕರೆಯಾಗಬೇಕಾದ ನಾರಿನ, ಹತ್ತಿರ ಹೋಗುವುದೇ ಕಷ್ಟ. ಹೋದರೂ ಅರ್ಧ ಕಿಣ್ವ ಲಿಗ್ನಿನ್‌ಗೇ ಅಂಟಿಕೊಂಡು ವ್ಯರ್ಥ.

ಒಂದು ಸಲಕ್ಕೆ 60 ಗ್ರಾಂ ಒಣ ಸಿಪ್ಪೆ, 600 ಮಿಲಿ ದ್ರಾವಣ. ಅದರಲ್ಲಿ 60 ಭಾಗ ಎಥನಾಲ್, 40 ಭಾಗ ನೀರು. ಸಿಪ್ಪೆಯ ತೂಕದ ನೂರಕ್ಕೆ ಒಂದರಷ್ಟು ಸಲ್ಫ್ಯೂರಿಕ್ ಆಸಿಡ್. 180 ಡಿಗ್ರಿ, ಒಂದು ಗಂಟೆ. ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಬಿಸಿಯಾದಾಗ ದ್ರಾವಣ ಚೆನ್ನಾಗಿಯೇ ಉಬ್ಬುತ್ತದೆ. ಇಷ್ಟಾದರೂ ಒತ್ತಡ 20 ಬಾರ್ ಆಸುಪಾಸು ನಿಲ್ಲುತ್ತದೆ. ಮಾರುವವರು 100 ಬಾರ್, 100 ಬಾರ್ ಅಂತ ಹೊಗಳಿದ್ದೇ ಹೊಗಳಿದ್ದು. ಈ ಕೆಲಸಕ್ಕೆ ಅದರಲ್ಲಿ ಮುಕ್ಕಾಲು ಪಾಲು ಬಳಸುವುದೇ ಇಲ್ಲ.

ಬಿಸಿ ಏರಲು 50 ನಿಮಿಷ ಬೇಕು. ನಿಧಾನ, ಆದರೆ ತಡೆದುಕೊಳ್ಳಬಹುದು. ತಡೆದುಕೊಳ್ಳಲಾಗದ್ದು ಬೇರೆ ಇದೆ. 180ಕ್ಕೆ ನಿಲ್ಲು ಅಂದರೆ 186ಕ್ಕೆ ಹೋಗಿ ವಾಪಸ್ ಬರುತ್ತದೆ. ಆರು ಡಿಗ್ರಿ ತಾನೇ ಅನ್ನಬೇಡಿ. ಈ ಬೇಯಿಸುವಿಕೆಯ ತೀವ್ರತೆ ಅಳೆಯಲು ಓವರೆಂಡ್ ಮತ್ತು ಶೊರ್ನೆ 1987ರಲ್ಲಿ ಕೊಟ್ಟ ಒಂದು ಲೆಕ್ಕ ಇದೆ. ಅದರ ಪ್ರಕಾರ 10 ಡಿಗ್ರಿ ಏರಿದರೆ ಹೆಚ್ಚುಕಡಿಮೆ ಹೊತ್ತು ಎರಡರಷ್ಟು ಆದಂತೆ. 6 ಡಿಗ್ರಿ ಜಾಸ್ತಿಯಾದರೆ ಒಂದು ನಿಮಿಷ ಒಂದೂವರೆ ನಿಮಿಷಕ್ಕೆ ಸಮ. ಅಷ್ಟರಲ್ಲಿ ಹೆಮಿಸೆಲ್ಯುಲೋಸಿನಿಂದ (ಸಿಪ್ಪೆಯಲ್ಲಿ ಸೆಲ್ಯುಲೋಸಿನ ಜೊತೆಗಿರುವ, ಬೇಗ ಒಡೆಯುವ ಇನ್ನೊಂದು ಭಾಗ) ಬಂದ ಝೈಲೋಸ್ ಸಕ್ಕರೆ ಒಡೆದು ಫರ್ಫ್ಯೂರಲ್ ಅನ್ನುವ ರಾಸಾಯನಿಕ ಆಗಲು ಶುರು. ಮುಚ್ಚಳ ತೆಗೆದಾಗ ಬಾದಾಮಿಯಂಥ ವಾಸನೆ ಮೂಗಿಗೆ ಹೊಡೆದರೆ ಗೊತ್ತಾಗುತ್ತದೆ, ಸಕ್ಕರೆ ಹೋಯಿತು. ಈಗ ನಾನು 172ಕ್ಕೇ ಹೀಟರ್ ತಗ್ಗಿಸಿ ಕೈಯಲ್ಲೇ ಏರಿಸುತ್ತೇನೆ. ಕಂಟ್ರೋಲರ್‌ಗೆ ಕೊಟ್ಟ ದುಡ್ಡು ದಂಡ ಅನಿಸುವುದು ಆಗಲೇ.

ಇನ್ನು ಇಳಿಸುವ ವಿಷಯ. ರಿಯಾಕ್ಟರ್ ಒಳ್ಳೆಯದೋ ಕೆಟ್ಟದ್ದೋ ಅಂತ ತೀರ್ಮಾನ ಆಗುವುದು ಇಲ್ಲೇ.

ಬಿಸಿ ಎಥನಾಲಿನಲ್ಲಿ ಕರಗಿದ ಲಿಗ್ನಿನ್ ತಣ್ಣಗಾದರೆ ಮತ್ತೆ ಹೊರಗೆ ಬೀಳುತ್ತದೆ. ಎಲ್ಲಿ ಬೀಳುತ್ತದೆ? ನಾರಿನ ಮೇಲೆಯೇ. ಒಂದು ಗಂಟೆ ಕಷ್ಟಪಟ್ಟು ತೆಗೆದದ್ದನ್ನು ಮತ್ತೆ ಅಲ್ಲೇ ಬಳಿದ ಹಾಗೆ. ಹಾಗಂತ ಅವಸರಪಟ್ಟು ಬಿಸಿಯಲ್ಲೇ ಮುಚ್ಚಳ ತೆಗೆಯಲೂ ಆಗದು, ಎಥನಾಲ್ 78 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ನಮಗೆ ಸಿಗುವುದು ಸಣ್ಣ ಸಂದು. 65 ಡಿಗ್ರಿ ಹತ್ತಿರ ಬಂದಾಗ ಒತ್ತಡ ಪೂರ್ತಿ ಬಿಟ್ಟು, ತೆರೆದು, ಕೂಡಲೇ ಸೋಸಬೇಕು. ಸುತ್ತ ಎಲ್ಲೂ ಕಿಡಿ ಇರಬಾರದು. ಫ್ಯಾನು ಓಡುತ್ತಿರಬೇಕು.

ಕೂಲಿಂಗ್ ಕಾಯಿಲ್‌ಗೆ ಇಲ್ಲಿ ಪೂರ್ತಿ ಅಂಕ. ನೀರು ಬಿಟ್ಟರೆ 180ರಿಂದ 65ಕ್ಕೆ ಸುಮಾರು 12 ನಿಮಿಷ. ಕಾಯಿಲ್ ಇಲ್ಲದ ಹಳೆಯ ಪಾತ್ರೆಯನ್ನು ಬಕೆಟ್ ನೀರಿನಲ್ಲಿ ಇಟ್ಟು ಕಾಯುತ್ತಿದ್ದ ದಿನ ನೆನೆದರೆ ಇದು ಸ್ವರ್ಗ. ಆದರೆ ಕಾಯಿಲ್ ಸುತ್ತು ಸುತ್ತಿನ ನಡುವೆ ನಾರು ಸಿಕ್ಕಿಕೊಳ್ಳುತ್ತದೆ. ಟೂತ್‌ಬ್ರಷ್ ಹಿಡಿದು ಕೂರಬೇಕು.

ಕೆಳಗಿನ ವಾಲ್ವ್ ಮಾತ್ರ ಅಲಂಕಾರಕ್ಕೆ. ಬಿಸಿ ದ್ರಾವಣವನ್ನು ಕೆಳಗಿನಿಂದಲೇ ಇಳಿಸಬಹುದು ಅಂತ ಅದಕ್ಕೆ ಹೆಚ್ಚು ಹಣ ಕೊಟ್ಟಿದ್ದೆವು. ಮೊದಲ ದಿನವೇ ನಾರು ತುಂಬಿ ಕಟ್ಟಿಕೊಂಡಿತು. ಒಳಗೆ ಜಾಲರಿ ಹಾಕಿ ನೋಡಿದೆವು, ಜಾಲರಿ ಕಟ್ಟಿಕೊಂಡಿತು. ಈಗ ಅದನ್ನು ಪ್ಲಗ್ ಮಾಡಿ ಬಿಟ್ಟಿದ್ದೇನೆ. ದ್ರಾವಣ ಮಾತ್ರ ಇರುವ ಕೆಲಸಕ್ಕೆ ಸರಿ, ಸಿಪ್ಪೆಗೆ ಬೇಡವೇ ಬೇಡ. ಜೊತೆಗೆ ಬಂದ ಟರ್ಬೈನ್ ಬ್ಲೇಡಿಗೂ ನಾರು ಹಗ್ಗದ ಹಾಗೆ ಸುತ್ತಿಕೊಳ್ಳುತ್ತಿತ್ತು. ಗೋಡೆ ಸವರಿಕೊಂಡು ನಿಧಾನ ತಿರುಗುವ ಆ್ಯಂಕರ್ ಹಾಕಿಸಿದ ಮೇಲೆ ಆ ಕಾಟ ತಪ್ಪಿತು.

ಸೋಸಿದ ಮೇಲೆ ಮಾಡುವ ಒಂದು ತಪ್ಪನ್ನು ಹೇಳಿಯೇ ಬಿಡುತ್ತೇನೆ, ಯಾಕೆಂದರೆ ನಾವೂ ಮಾಡಿದ್ದೆವು, ಮಾಡಿ ರಿಯಾಕ್ಟರನ್ನು ಬೈದಿದ್ದೆವು. ನಾರನ್ನು ಸೀದಾ ನೀರಿನಲ್ಲಿ ತೊಳೆದೆವು. ನೀರು ಬಿದ್ದ ಕೂಡಲೇ ನಾರಿನೊಳಗೆ ಉಳಿದಿದ್ದ ಲಿಗ್ನಿನ್ ಅಲ್ಲೇ ಗರಣೆಗಟ್ಟಿತು. ಮೊದಲು ಅದೇ ಅಳತೆಯ ಬೆಚ್ಚನೆಯ ಎಥನಾಲ್-ನೀರಿನಲ್ಲಿ ಮೂರು ಸಲ ತೊಳೆದು, ಆಮೇಲೆ ನೀರು. ತೊಳೆದ ನಾರನ್ನು ಒಣಗಿಸಲೂಬಾರದು. ಒಣಗಿದರೆ ನಾರಿನ ಸಣ್ಣ ರಂಧ್ರಗಳು ಮುಚ್ಚಿಹೋಗುತ್ತವೆ, ಮತ್ತೆ ನೆನೆಸಿದರೂ ಮೊದಲಿನಂತೆ ತೆರೆಯುವುದಿಲ್ಲ. ಒದ್ದೆಯಾಗಿಯೇ ಫ್ರಿಜ್‌ನಲ್ಲಿಟ್ಟು, ಒಂದು ಚಿಟಿಕೆ ಮಾತ್ರ ಒಣಗಿಸಿ ತೇವ ಲೆಕ್ಕ ಹಾಕಿ. ಆಮೇಲೆ 50 ಡಿಗ್ರಿ, ಪಿಎಚ್ 4.8, ಮೂರು ದಿನ ಕಿಣ್ವದ ಪಾಲಿಗೆ ಬಿಡಿ. ಬೇಯಿಸದ ಸಿಪ್ಪೆ ಹಾಕಿದ ಫ್ಲಾಸ್ಕಿನಲ್ಲಿ ಮೂರನೇ ದಿನವೂ ಸಿಪ್ಪೆ ಹಾಗೇ ಕೂತಿರುತ್ತದೆ. ಇದರಲ್ಲಿ ಮಾತ್ರ ಗಂಜಿ ತಿಳಿಯಾದ ಹಾಗೆ ನಾರು ಕರಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ.

ಸೋಸಿದ ಕಪ್ಪು ದ್ರಾವಣಕ್ಕೆ ಅದರ ಮೂರರಷ್ಟು ನೀರು ಸುರಿದರೆ ಲಿಗ್ನಿನ್ ಕಂದು ಪುಡಿಯಾಗಿ ಕೆಳಗೆ ಕೂರುತ್ತದೆ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದ ಕ್ಷಣ ಅದು, ಹಾಲು ಒಡೆದ ಹಾಗೆ. ಎಥನಾಲನ್ನು ಬಟ್ಟಿ ಇಳಿಸಿ ಮತ್ತೆ ಬಳಸುತ್ತೇವೆ. ಹೇಗೂ ನೀರು ಬೆರೆಸಿಯೇ ಬೇಯಿಸುವುದು, ಹಾಗಾಗಿ ತೀರಾ ಶುದ್ಧ ಮಾಡಬೇಕಾಗಿಲ್ಲ.

ಸ್ಟೀಲ್ ಬಗ್ಗೆ ದೂರು ಇದೆ. ಆರನೇ ತಿಂಗಳಿಗೆ ಒಳಗೋಡೆ ಮಂಕಾಯಿತು. ವೆಲ್ಡಿಂಗ್ ಹತ್ತಿರ ಸೂಜಿ ಚುಚ್ಚಿದಂಥ ಗುಂಡಿಗಳು. ಸರ್ವಿಸ್‌ಗೆ ಬಂದ ಹುಡುಗ ಟಾರ್ಚ್ ಬಿಟ್ಟು ನೋಡಿ, "ಆಸಿಡ್ ಹಾಕ್ತೀರಿ ಅಂತ ಆರ್ಡರ್ ಕೊಡುವಾಗಲೇ ಹೇಳಬೇಕಿತ್ತು ಸರ್" ಅಂದ. "ಏನಕ್ಕೆ ಬಳಸ್ತೀರಿ ಅಂತ ನೀವೇ ಕೇಳಬೇಕಿತ್ತಲ್ವಪ್ಪಾ" ಅಂದೆ. ಇಬ್ಬರದ್ದೂ ಸರಿಯೇ. ಬಿಸಿ ಆಸಿಡ್ ಇರುವ ಕೆಲಸಕ್ಕೆ ಹ್ಯಾಸ್ಟೆಲಾಯ್ (ಆಸಿಡ್ ತಡೆಯುವ ನಿಕ್ಕಲ್ ಮಿಶ್ರಲೋಹ) ಪಾತ್ರೆ ಕೇಳಿ. ಬೆಲೆ ನೋಡಿ ಎದೆ ಝಲ್ಲೆಂದರೆ, ಒಳಗೆ ಕೂರುವ ಗಾಜಿನ ಲೈನರನ್ನಾದರೂ ತಗೊಳ್ಳಿ. ಹೈಡ್ರೋಕ್ಲೋರಿಕ್ ಆಸಿಡ್ ಮಾತ್ರ 316ರ ಹತ್ತಿರವೂ ತರಬೇಡಿ.

ಆಸಿಡ್ ಇಲ್ಲದೆಯೂ ಆಗುತ್ತದೆ ಅನ್ನುವುದು ಬೇರೆ ಮಾತು. ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಆಲ್ಸೆಲ್ ಅನ್ನುವ ವಿಧಾನದಲ್ಲಿ ಗಟ್ಟಿಮರದ ಚೂರುಗಳನ್ನು ಬರೀ ಎಥನಾಲ್-ನೀರಿನಲ್ಲೇ 195 ಡಿಗ್ರಿ ಹತ್ತಿರ ಬೇಯಿಸುತ್ತಿದ್ದರು. ಮರದಿಂದಲೇ ಹೊರಬರುವ ಅಸಿಟಿಕ್ ಆಸಿಡ್ ಸಾಕಾಗುತ್ತಿತ್ತು. ಗುಂಡಿ ಬಿದ್ದ ಮೇಲೆ ನಾವೂ ಆ ದಾರಿ ಹಿಡಿದು ನೋಡಿದೆವು. ನಾರು ಸ್ವಲ್ಪ ಕಂದಾಗಿ ಉಳಿಯಿತು, ಆದರೆ ಪಾತ್ರೆ ಉಳಿಯಿತಲ್ಲ. ಒತ್ತಡ ಇನ್ನಷ್ಟು ಏರುತ್ತದೆ, ಆಗ ಆ 100 ಬಾರ್ ಸ್ವಲ್ಪ ಧೈರ್ಯ ಕೊಡುತ್ತದೆ, ಒಪ್ಪಿಕೊಳ್ಳುತ್ತೇನೆ.

ಗ್ಯಾಸ್ಕೆಟ್ ಬಿಳಿ ಟೆಫ್ಲಾನಿನದು. ಬಿಸಿ ಮಾಡಿ ತಣ್ಣಗಾದ ಮೇಲೆ ಸಡಿಲವಾಗುತ್ತದೆ, ಪ್ರತಿ ಸಲ ಬೋಲ್ಟ್ ಎದುರುಬದುರು ಬಿಗಿಯಬೇಕು. ಒಂದು ಗ್ಯಾಸ್ಕೆಟ್ ತರಿಸಲು ಆರು ವಾರ ಕಾಯಿಸಿದರು. ಒತ್ತಡ ಮಿತಿ ಮೀರಿದರೆ ತಾನೇ ಒಡೆದು ಪಾತ್ರೆ ಉಳಿಸುವ ರಪ್ಚರ್ ಡಿಸ್ಕ್ ಕೂಡ ಹೀಗೇ. ರಿಯಾಕ್ಟರ್ ಜೊತೆಗೇ ಎರಡೆರಡು ಬರೆಸಿಕೊಳ್ಳಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಕಾಯಿಲ್ ಇಲ್ಲದಿದ್ದರೆ ಎರಡು. ಕೊಳ್ಳುವ ಮೊದಲು ಮಾರುವವರಿಗೆ 180ಕ್ಕೆ ಏರಿಸಿ ತೋರಿಸಿ ಅನ್ನಬೇಡಿ, ಅದನ್ನು ಎಲ್ಲರೂ ತೋರಿಸುತ್ತಾರೆ. ಹತ್ತು ಭಾಗ ದ್ರಾವಣಕ್ಕೆ ಒಂದು ಭಾಗ ಸಿಪ್ಪೆ ತುಂಬಿ, ಇಳಿಸಿ, ಖಾಲಿ ಮಾಡಿ ತೋರಿಸಿ ಅನ್ನಿ. ಟೂತ್‌ಬ್ರಷ್ ನೀವೇ ತಗೊಂಡು ಹೋಗಿ.