ಹಳೆಯ ಕಟ್ಟಡದ ದೊಡ್ಡ ಸಭಾಂಗಣ ಯಾರಿಗೆ: ಸಂಗ್ರಹಕ್ಕೋ, ಸಭೆಗೋ?

ಉಳಿಸಿಕೊಂಡ ಹಳೆಯ ಕಟ್ಟಡವೊಂದನ್ನು ಸಮುದಾಯದ ವಸ್ತುಸಂಗ್ರಹಾಲಯವಾಗಿಯೂ ಸಭೆ ಸೇರುವ ಜಾಗವಾಗಿಯೂ ಬಳಸಲು ಹೊರಟಾಗ, ಅದರ ಅತ್ಯುತ್ತಮ ಕೋಣೆಯನ್ನು ಯಾವುದಕ್ಕೆ ಕೊಡಬೇಕೆಂಬ ಪ್ರಶ್ನೆ ಮೊದಲು ಎದುರಾಗುತ್ತದೆ. ಅಂಥ ಕಟ್ಟಡವೊಂದರ ನಿರ್ವಹಣೆಯಲ್ಲಿ ತೊಡಗಿರುವ ನಾನು ಮೂರು ವ್ಯವಸ್ಥೆಗಳನ್ನು ಬಳಸಿ ನೋಡಿದ್ದೇನೆ: ಸಭಾಂಗಣದ ಗೋಡೆಗಳುದ್ದಕ್ಕೂ ಶಾಶ್ವತ ಪ್ರದರ್ಶನ, ಸಭೆಯ ಹೊತ್ತಿಗೆ ಸರಿಸಬಹುದಾದ ಗಾಲಿಯ ಕಪಾಟುಗಳು, ಹಾಗೂ ಸಭಾಂಗಣವನ್ನು ಜನರಿಗೆ ಬಿಟ್ಟು ಸಣ್ಣ ಕೋಣೆಗಳಲ್ಲಿ ಸಂಗ್ರಹ.

ಮೊದಲನೆಯದು ನೋಡಲು ಬಹಳ ಚೆನ್ನ. ಆದರೆ ಕುಳಿತಿರುವ ಒಬ್ಬ ವ್ಯಕ್ತಿಯ ಉಸಿರು ಮತ್ತು ಬೆವರಿನಿಂದ ಗಂಟೆಗೆ ಸುಮಾರು 50 ಗ್ರಾಂ ನೀರಿನ ಆವಿ ಹೊರಬೀಳುತ್ತದೆ. ನೂರು ಜನ ಎರಡು ಗಂಟೆ ಕೂತರೆ ಅದು 10 ಲೀಟರ್ ನೀರಿಗೆ ಸಮ. ಸಾಪೇಕ್ಷ ಆರ್ದ್ರತೆ ಶೇ. 65ನ್ನು ಮೀರಿ ಹೆಚ್ಚು ಕಾಲ ನಿಂತರೆ ಕಾಗದಕ್ಕೂ ಬಟ್ಟೆಗೂ ಬೂಷ್ಟು ಹಿಡಿಯುವ ಅಪಾಯವಿದೆ. ತುಂಬಿದ ಸಭೆಯೊಂದು ಮುಗಿದ ಮೇಲೆ ಕಪಾಟಿನ ಗಾಜಿನ ಕೆಳಅಂಚಿನಲ್ಲಿ ಮಂಜು ಕಟ್ಟಿದ್ದನ್ನೂ, ಒಳಗಿನ ಛಾಯಾಚಿತ್ರದ ಒಂದು ಮೂಲೆ ಮೇಲಕ್ಕೆ ಸುರುಳಿಕೊಂಡಿದ್ದನ್ನೂ ಕಂಡ ನಂತರ, ಮೂಲ ಪ್ರತಿಗಳನ್ನು ಅಲ್ಲಿಡಲು ನನಗೆ ಮನಸ್ಸಾಗಲಿಲ್ಲ. ಸುಣ್ಣದ ಗಾರೆಯ ಗೋಡೆಯಾದರೆ ತೇವವನ್ನು ಒಂದಷ್ಟು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ದುರಸ್ತಿಯ ಹೆಸರಿನಲ್ಲಿ ಸಿಮೆಂಟು ಮೆತ್ತಿದ ಕಡೆ ಆ ಅನುಕೂಲವೂ ಇರುವುದಿಲ್ಲ. ಬೆಳಕಿನದೂ ಇದೇ ಕಥೆ: ಕಾಗದ, ಬಟ್ಟೆಗಳ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಬಾರದೆಂಬುದು ರೂಢಿಯ ಮಿತಿ, ಸಭೆಯಲ್ಲಿ ಓದಿ ಬರೆಯುವವರಿಗೆ ಅದರ ಹಲವು ಪಟ್ಟು ಬೇಕು.

ಗಾಲಿಯ ಕಪಾಟುಗಳು ಹೊಸ ಕಟ್ಟಡಕ್ಕೆ ಹೊಂದಬಹುದೇನೋ. ಹಳೆಯ ಕಟ್ಟಡದ ಹೊಸ್ತಿಲು, ಏರುಪೇರಾದ ನೆಲ ಇವುಗಳ ಮೇಲೆ ತಳ್ಳುವಾಗ ಒಳಗಿನ ಮಡಕೆಗಳು ಅಲುಗುತ್ತವೆ, ಗಾಲಿಗಳ ಭಾರ ನೆಲದ ಮೇಲೆ ಗೀರು ಬಿಡುತ್ತದೆ. ಫಲಕಗಳಿಗೂ ನಕಲು ಪ್ರತಿಗಳಿಗೂ ಸಾಕು, ಅಷ್ಟೆ.

ಮೂರನೆಯದೇ ನನ್ನ ಆಯ್ಕೆ. ದಪ್ಪ ಗೋಡೆ ಮತ್ತು ಕಿರಿದಾದ ಕಿಟಕಿಗಳಿರುವ ಸಣ್ಣ ಕೋಣೆಯಲ್ಲಿ ತಾಪವೂ ತೇವವೂ ನಿಧಾನವಾಗಿ ಬದಲಾಗುತ್ತವೆ, ಸಭೆಯ ಹೊತ್ತಿನಲ್ಲಿ ಅದಕ್ಕೆ ಬೀಗ ಹಾಕಬಹುದು. ಸಭೆ ಮಾತ್ರ ನೆಲಅಂತಸ್ತಿನಲ್ಲೇ ನಡೆಯಬೇಕು. ವಾಸದ ಮನೆಯ ಮಹಡಿಗೆ ಸಾಮಾನ್ಯವಾಗಿ ಲೆಕ್ಕ ಹಿಡಿಯುವ ಭಾರ ಚದರ ಮೀಟರಿಗೆ ಸುಮಾರು 2 ಕಿಲೋನ್ಯೂಟನ್ (ಹೆಚ್ಚುಕಡಿಮೆ 200 ಕಿಲೋಗ್ರಾಂ ತೂಕ), ಜನ ಸೇರುವ ಜಾಗಕ್ಕಾದರೆ 4ರಿಂದ 5. ಸ್ಮಾರಕವನ್ನು ಸಮಾಜಕ್ಕೆ ಉಪಯುಕ್ತವಾಗುವಂತೆ ಬಳಸುವುದು ಅದರ ಸಂರಕ್ಷಣೆಗೆ ನೆರವಾಗುತ್ತದೆ, ಆದರೆ ಆ ಬಳಕೆ ಕಟ್ಟಡದ ವಿನ್ಯಾಸವನ್ನಾಗಲಿ ಅಲಂಕಾರವನ್ನಾಗಲಿ ಬದಲಿಸಕೂಡದು ಎಂದು ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ತತ್ವಗಳನ್ನು ಹೇಳುವ 1964ರ ವೆನಿಸ್ ಸನ್ನದು ತಿಳಿಸುತ್ತದೆ. ಗೋಡೆ ಒಡೆಯದೆ, ಇರುವ ಕೋಣೆಗಳನ್ನು ಇದ್ದಂತೆಯೇ ಹಂಚಿಕೊಳ್ಳುವ ಈ ವ್ಯವಸ್ಥೆ ಆ ಮಾತಿಗೆ ಹೆಚ್ಚು ನಿಷ್ಠವಾಗಿದೆ.

ಆದರೂ ಮೊದಲ ವ್ಯವಸ್ಥೆಯಲ್ಲಿದ್ದ ಒಂದು ದೊಡ್ಡ ಗುಣ ಇದರಲ್ಲಿ ತಾನಾಗಿ ಬರುವುದಿಲ್ಲ. ಸಭೆಗೆ ಬಂದವರು ಅಲ್ಲಿ ಚಿತ್ರಗಳ ಮುಂದೆ ನಿಂತು, 'ಇವರು ನಮ್ಮ ದೊಡ್ಡಪ್ಪ' ಎಂದು ಗುರುತಿಸುತ್ತಿದ್ದರು. ಸಂಗ್ರಹ ಬೆಳೆಯುವುದೇ ಅಂಥ ಮಾತುಗಳಿಂದ. ಅಮೆರಿಕದ ವಸ್ತುಸಂಗ್ರಹಾಲಯಗಳನ್ನು ನಡೆಸುವ ಸ್ಮಿತ್‌ಸೋನಿಯನ್ ಸಂಸ್ಥೆ 1967ರಲ್ಲಿ ವಾಷಿಂಗ್ಟನ್ನಿನ ಹಳೆಯ ಚಿತ್ರಮಂದಿರವೊಂದರಲ್ಲಿ ತೆರೆದ ಅನಕೋಸ್ಟಿಯಾ ಸಂಗ್ರಹಾಲಯವು 1969ರಲ್ಲಿ ಇಲಿಗಳ ಕಾಟದ ಕುರಿತೇ ಪ್ರದರ್ಶನ ಏರ್ಪಡಿಸಿದ್ದು, ಸುತ್ತಲಿನ ನಿವಾಸಿಗಳ ದಿನನಿತ್ಯದ ಸಂಕಟಕ್ಕೆ ಕಿವಿಗೊಟ್ಟದ್ದರಿಂದ.

ಆದ್ದರಿಂದ ಛಾಯಾಚಿತ್ರಗಳ ನಕಲುಗಳನ್ನು ಮಾತ್ರ ಸಭಾಂಗಣದಲ್ಲಿ ಎದೆಮಟ್ಟದಲ್ಲಿ ತೂಗುಹಾಕಿ, ಪ್ರತಿಯೊಂದರ ಕೆಳಗೆ ಖಾಲಿ ಹಾಳೆಯನ್ನೂ ಪೆನ್ಸಿಲ್ಲನ್ನೂ ಇಡುವುದನ್ನು ನಾವು ರೂಢಿಸಿಕೊಂಡಿದ್ದೇವೆ. ಬರೆದುಹೋದ ಹೆಸರನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಂಡ ಬಳಿಕವೇ ದಾಖಲೆ ಪುಸ್ತಕಕ್ಕೆ ಏರಿಸುತ್ತೇವೆ, ಹೇಳಿದವರ ಹೆಸರನ್ನೂ ಅದರ ಪಕ್ಕದಲ್ಲೇ ನಮೂದಿಸುತ್ತೇವೆ.